ಮನೆಯಲ್ಲಿ ಮರಗೆಲಸ ಕಲಿಯುವವರಿಗೆ: ಮರ ಕೊಳ್ಳುವ ಲೆಕ್ಕ, ಮೊದಲ ಮಣೆ, ಮೊದಲ ಹಲಗೆ ಕಪಾಟು

ಮರಗೆಲಸ ಕಲಿಯಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಉಪಕರಣಗಳ ಅಂಗಡಿಗೆ ಹೋಗುತ್ತಾರೆ, ಮರದ ಯೋಚನೆ ಅವರಿಗೆ ಆಮೇಲೆ ಬರುತ್ತದೆ. ಈ ಕ್ರಮವನ್ನು ಹಿಂದುಮುಂದು ಮಾಡಿಕೊಳ್ಳುವುದು ಒಳ್ಳೆಯದು. ಹಸಿಯಾಗಿರುವ ಅಥವಾ ತಿರುಚಿಕೊಂಡಿರುವ ಹಲಗೆಯನ್ನು ದುಬಾರಿ ಉಳಿಯೂ ಸರಿಪಡಿಸಲಾರದು. ಚೆನ್ನಾಗಿ ಒಣಗಿದ, ಎಳೆ (ಮರದ ನಾರಿನ ಸಾಲು) ನೇರವಾಗಿರುವ ಹಲಗೆಯಾದರೆ ಸಾಧಾರಣ ಗರಗಸದಲ್ಲೂ ಅಂದವಾದ ಕೆಲಸ ಆಗುತ್ತದೆ. ಅಗ್ಗದ ಮರ ಯಾವುದು ಎಂಬುದನ್ನೂ ಇಲ್ಲಿಂದಲೇ ತೀರ್ಮಾನಿಸಬೇಕು. ಅಂಗಡಿಯವರು ಹೇಳುವ ದರ ಮರದ ನಿಜವಾದ ಬೆಲೆಯಲ್ಲ. ಗಂಟು, ಬಿರುಕು, ಹುಳುಕುಗಳನ್ನು ಕತ್ತರಿಸಿ ತೆಗೆದು, ಕೀಸಿ ನೇರ ಮಾಡಿದ ಮೇಲೆ ಕೈಯಲ್ಲಿ ಉಳಿಯುವ ಮರಕ್ಕೆ ಎಷ್ಟು ಬಿತ್ತು ಎಂಬುದೇ ಅದರ ಬೆಲೆ.

ನಮ್ಮಲ್ಲಿ ಮರವನ್ನು ಘನ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. ವ್ಯಾಪಾರದ ಮಾತಿನಲ್ಲಿ ಅದು ಸಿಎಫ್‌ಟಿ. ಉದ್ದವನ್ನು ಅಡಿಯಲ್ಲೂ ಅಗಲ ಮತ್ತು ದಪ್ಪಗಳನ್ನು ಇಂಚಿನಲ್ಲೂ ಅಳೆದು, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 6 ಅಡಿ ಉದ್ದ, 8 ಇಂಚು ಅಗಲ, 1 ಇಂಚು ದಪ್ಪದ ಹಲಗೆ 48 ಭಾಗಿಸು 144, ಅಂದರೆ ಒಂದು ಘನ ಅಡಿಯ ಮೂರನೆಯ ಒಂದು ಪಾಲು. ಅಂಥ ಮೂರು ಹಲಗೆ ಸೇರಿದರೆ ಒಂದು ಘನ ಅಡಿ. ಈ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು, ಬೇಕಾದ ತುಂಡುಗಳ ಪಟ್ಟಿಯನ್ನು ಬರೆದುಕೊಂಡು ಹೋಗುವವರಿಗೆ ವ್ಯಾಪಾರಿಯೂ ಬೇರೆ ಗಮನ ಕೊಡುತ್ತಾನೆ.

ಈಗ ವ್ಯರ್ಥವಾಗುವ ಪಾಲನ್ನೂ ಸೇರಿಸಿ ನೋಡೋಣ. ಘನ ಅಡಿಗೆ 600 ರೂಪಾಯಿಯ ಮರದಲ್ಲಿ ಅರ್ಧ ಭಾಗ ಬಿಸಾಡಬೇಕಾಗಿ ಬಂದರೆ, ಉಪಯೋಗಕ್ಕೆ ಬಂದ ಮರಕ್ಕೆ ಘನ ಅಡಿಗೆ 1,200 ರೂಪಾಯಿ ಬಿದ್ದಂತಾಯಿತು. 900 ರೂಪಾಯಿಯ ಮರದಲ್ಲಿ ಕಾಲು ಭಾಗ ಮಾತ್ರ ಹೋದರೂ ಬೀಳುವ ಬೆಲೆ ಅದೇ 1,200. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ನಿಜವಾದ ದರ ಊರಿಗೆ ಊರಿಗೆ, ಜಾತಿಗೆ ಜಾತಿಗೆ ಬೇರೆಯಾಗುತ್ತದೆ. ಆದರೆ ಎರಡನೆಯ ಮರದಲ್ಲಿ ಕೆಲಸ ಮಾಡುವ ಸುಖ ಹೆಚ್ಚು, ಕಲಿಯುವವರಿಗೆ ಆ ಸುಖ ಬಹಳ ಮುಖ್ಯ. ದಪ್ಪದ ವಿಷಯದಲ್ಲೂ ಒಂದು ಮಾತು ನೆನಪಿರಲಿ: ಮಿಲ್ಲಿನಲ್ಲಿ 1 ಇಂಚಿಗೆ ಕೊಯ್ದ ಹಲಗೆ ಒಣಗಿ, ಎರಡೂ ಮುಖ ಕೀಸಿದ ಮೇಲೆ ಮುಕ್ಕಾಲು ಇಂಚಿನ ಆಸುಪಾಸಿಗೆ ಇಳಿಯುತ್ತದೆ. ಪೂರ್ತಿ 1 ಇಂಚು ಬೇಕಾದವರು ಒಂದೂಕಾಲು ಇಂಚಿಗೆ ಕೊಯ್ಸಬೇಕು.

ಯಾವ ಮರ

ಕರ್ನಾಟಕದಲ್ಲಿ ಹೊಸದಾಗಿ ಕಲಿಯುವವರಿಗೆ ನಾನು ಮೊದಲು ಹೇಳುವ ಹೆಸರು ಸಿಲ್ವರ್ ಓಕ್. ಆಸ್ಟ್ರೇಲಿಯಾ ಮೂಲದ ಈ ಮರವನ್ನು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ನೆರಳಿಗಾಗಿಯೂ ಕಾಳುಮೆಣಸಿನ ಬಳ್ಳಿ ಹಬ್ಬಿಸಲಿಕ್ಕಾಗಿಯೂ ಧಾರಾಳವಾಗಿ ಬೆಳೆಸಿದ್ದಾರೆ, ಆದ್ದರಿಂದ ಮರ ಸುಲಭವಾಗಿ ಸಿಗುತ್ತದೆ, ಬೆಲೆಯೂ ಸಾಗುವಾನಿಗಿಂತ ಬಹಳ ಕಡಿಮೆ. ಹಗುರವಾದ ಮರ, ಗರಗಸಕ್ಕೂ ಉಳಿಗೂ ಸುಲಭವಾಗಿ ಒಗ್ಗುತ್ತದೆ. ದಿಮ್ಮಿಯ ನಡುವಿನಿಂದ ಹೊರಕ್ಕೆ ಹೋಗುವ ದಿಕ್ಕಿನಲ್ಲಿ ಕೊಯ್ದ ಹಲಗೆಯ ಮೇಲೆ ಕಾಣುವ ಹೊಳೆಯುವ ಚುಕ್ಕೆಗಳು ತುಂಬ ಚೆನ್ನಾಗಿರುತ್ತವೆ. ಮಳೆ ಬಿಸಿಲು ಬೀಳುವ ಜಾಗಕ್ಕೆ ಈ ಮರ ಆಗುವುದಿಲ್ಲ. ಮನೆಯೊಳಗಿನ ಮಣೆ, ಕಪಾಟು, ಪೆಟ್ಟಿಗೆಗಳಿಗೆ ಧಾರಾಳವಾಗಿ ಸಾಕು.

ಹಲಸು ಸಿಕ್ಕರೆ ಬಿಡಬಾರದು. ವೀಣೆಯ ಕೊಡ ಕೆತ್ತುವ ಮರ ಇದು. ಕೊಯ್ದಾಗ ಹಳದಿಯಾಗಿರುವ ಅದರ ಕೆಚ್ಚು, ಅಂದರೆ ದಿಮ್ಮಿಯ ಒಳಗಿನ ಗಟ್ಟಿ ಭಾಗ, ವರ್ಷಗಳು ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಗೆದ್ದಲಿಗೂ ಬೇಗ ಬಗ್ಗುವುದಿಲ್ಲ. ಮಾವು ಅಗ್ಗ, ಎಳೆಗಳ ಚಿತ್ತಾರವೂ ಸುಂದರ, ಆದರೆ ಕುಟ್ಟೆ ಹುಳು ಬೇಗ ಹಿಡಿಯುತ್ತದೆ. ಮಲೆನಾಡು ಕರಾವಳಿಗಳ ನೆಡುತೋಪುಗಳಿಂದ ಬರುವ ಅಕೇಶಿಯಾ ಗಟ್ಟಿ ಮರ, ಬಣ್ಣವೂ ಚೆನ್ನ. ಒಣಗುವಾಗ ಸೀಳು ಬಿಡುವ ಸ್ವಭಾವ ಇರುವುದರಿಂದ ಒಣಗಿದ್ದನ್ನೇ ಕೊಳ್ಳಬೇಕು. ನೀಲಗಿರಿಯನ್ನು ಮೊದಲ ಕೆಲಸಕ್ಕೆ ಬಳಸಲೇಬಾರದು, ಅದು ಒಣಗುತ್ತ ತಿರುಚಿಕೊಳ್ಳುತ್ತದೆ. ಅಂಗಡಿಗಳಲ್ಲಿ ಕಾಡುಮರ ಎಂಬ ಒಂದೇ ಹೆಸರಿನಡಿ ಹಲವು ಜಾತಿಗಳನ್ನು ಬೆರೆಸಿ ಮಾರುವುದುಂಟು. ಜಾತಿ ಯಾವುದೆಂದು ಹೇಳಲಾಗದ ಮರವನ್ನು ಕಲಿಕೆಯ ಹಂತದಲ್ಲಿ ಕೊಳ್ಳದಿರುವುದೇ ಕ್ಷೇಮ. ಬೆಂಗಳೂರಿನ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಮಾದರಿಗಳ ದೊಡ್ಡ ಸಂಗ್ರಹವಿದೆ, ಮರದ ಜಾತಿ ಗುರುತಿಸಿಕೊಡುವ ವ್ಯವಸ್ಥೆಯೂ ಇದೆ. ಆಸಕ್ತಿ ಇರುವವರು ಒಮ್ಮೆ ಹೋಗಿಬರಬೇಕಾದ ಜಾಗ.

ಸಣ್ಣ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಕೊಳ್ಳುವಂತೆ ಕಚ್ಚು ಹಾಕಿ ಅಂಟಿಸಿ ತಯಾರಿಸಿದ ರಬ್ಬರ್ ಮರದ ಹಲಗೆಗಳೂ ಈಗ ಪ್ಲೈವುಡ್ ಅಂಗಡಿಗಳಲ್ಲಿ ಸಿಗುತ್ತವೆ. ರಸ ಬತ್ತಿದ ರಬ್ಬರ್ ಮರವನ್ನು ಕಡಿದು, ಹುಳು ಹಿಡಿಯದಂತೆ ಬೋರಾನ್ ಉಪ್ಪುಗಳ ದ್ರಾವಣ ಹಾಯಿಸಿ, ಯಂತ್ರದಲ್ಲಿ ಒಣಗಿಸಿರುತ್ತಾರೆ. ಕೀಸುವ ಶ್ರಮವಿಲ್ಲ, ದಪ್ಪ ಎಲ್ಲ ಕಡೆ ಒಂದೇ. ಮರದ ಮುಖ ಹೆರೆದು ಸಮ ಮಾಡುವ ಕೀಸುಳಿ ಹಿಡಿಯುವ ಮೊದಲು ಅಳತೆ ಮತ್ತು ಕೊಯ್ತ ಕಲಿಯಬೇಕೆನ್ನುವವರಿಗೆ ಇದು ಒಳ್ಳೆಯ ಆರಂಭ.

ಎಲ್ಲಿ ಕೊಳ್ಳುವುದು

ತಾಲ್ಲೂಕು ಕೇಂದ್ರಗಳಲ್ಲೆಲ್ಲ ಹುಡುಕಿದರೆ ಒಂದಾದರೂ ಸಾಮಿಲ್ ಸಿಗುತ್ತದೆ. ಬೆಂಗಳೂರಿನವರಿಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಮರದ ಮಳಿಗೆಗಳು ಸಾಲಾಗಿ ಸಿಗುತ್ತವೆ. ಇಲ್ಲಿ ಪೂರ್ತಿ ಹಲಗೆ ಕೇಳುವ ಮೊದಲು ತುಂಡುಗಳನ್ನು ಕೇಳಿ. ಬಾಗಿಲು, ಕಿಟಕಿಗಳ ಚೌಕಟ್ಟಿಗೆ ಕೊಯ್ದು ಉಳಿದ ಎರಡು ಮೂರು ಅಡಿಯ ಸಾಗುವಾನಿ, ಹೊನ್ನೆ, ಮತ್ತಿ ತುಂಡುಗಳು ದೊಡ್ಡ ಕೆಲಸದವರಿಗೆ ಬೇಡ, ಎಷ್ಟೋ ಕಡೆ ಅವು ಸೌದೆಯ ರಾಶಿಗೆ ಹೋಗುತ್ತವೆ. ಮಣೆಗೂ ಪುಟ್ಟ ಪೆಟ್ಟಿಗೆಗೂ ಬೇಕಾಗಿರುವುದು ಅಷ್ಟೇ ಉದ್ದ. ಮಿಲ್ಲಿನಲ್ಲಿ ಕೊಯ್ತ ಜೋರಾಗಿರುವ ಬೆಳಗಿನ ಹೊತ್ತಿನಲ್ಲಿ ಹೋಗದೆ, ಕೆಲಸ ತಗ್ಗಿದ ಮಧ್ಯಾಹ್ನದ ಮೇಲೆ ಹೋಗಿ ವಿಚಾರಿಸಿದರೆ ರಾಶಿಯನ್ನು ಕೆದಕಿ ನೋಡಲು ಬಿಡುತ್ತಾರೆ. ನೆರೆಹೊರೆಯಲ್ಲಿ ಪೀಠೋಪಕರಣ ಮಾಡುವ ಆಚಾರ್ರಿದ್ದರೆ ಅವರ ಪರಿಚಯ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು. ಅವರಲ್ಲಿ ಒಣಗಿದ ತುಂಡುಗಳು ಇರುತ್ತವೆ, ಸಣ್ಣ ಕೂಲಿಗೆ ಹಲಗೆಯನ್ನು ಯಂತ್ರದಲ್ಲಿ ಕೀಸಿಯೂ ಕೊಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಕೆಲಸದ ನಡುವೆ ಅವರು ಹೇಳುವ ಒಂದೊಂದು ಮಾತೂ ದೊಡ್ಡ ಪಾಠ.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಒಳ್ಳೆಯ ಅಗ್ಗದ ಮರ ಹಳೆಯ ಮನೆಯದು. ಮನೆ ಕೆಡವಿದಾಗ ಬರುವ ತೊಲೆ, ಜಂತೆ, ಕಿಟಕಿ ಚೌಕಟ್ಟುಗಳು ಹತ್ತಾರು ವರ್ಷ ಸೂರಿನಡಿ ಒಣಗಿದ ಮರಗಳು. ಇನ್ನು ಅವು ತಿರುಚಿಕೊಳ್ಳುವ ಭಯ ಬಹಳ ಕಡಿಮೆ. ಹಳೆಯ ಮರ ಮಾರುವ ಅಂಗಡಿಗಳಲ್ಲೂ, ಕೆಡವುವ ಕೆಲಸ ವಹಿಸಿಕೊಂಡವರ ಬಳಿಯೂ ಇವು ಸಿಗುತ್ತವೆ. ಆದರೆ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಒಂದು, ಒಳಗೆ ಮುರಿದು ಉಳಿದ ಮೊಳೆಗಳು: ಬಲವಾದ ಅಯಸ್ಕಾಂತವನ್ನು ಮೇಲ್ಮೈ ಉದ್ದಕ್ಕೂ ಎಳೆದು ಪತ್ತೆ ಹಚ್ಚಿ, ಕಿತ್ತ ಮೇಲೆಯೇ ಗರಗಸ ಹಾಕಬೇಕು. ಎರಡು, ಹಳೆಯ ಎನಾಮಲ್ ಬಣ್ಣ: ಅದರಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಒಣದಾಗಿ ಉಪ್ಪುಕಾಗದ ಉಜ್ಜಿ ಪುಡಿ ಎಬ್ಬಿಸಬಾರದು. ಮಕ್ಕಳಿರುವ ಮನೆಯಲ್ಲಿ ಬಣ್ಣ ಬಳಿದ ಹಳೆಯ ಮರವನ್ನು ತರದಿರುವುದೇ ಒಳ್ಳೆಯದು.

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಗುಜರಿಗಳಲ್ಲಿ ಯಂತ್ರಸಾಮಗ್ರಿ ಬಂದ ಪೈನ್ ಮರದ ಪ್ಯಾಲೆಟ್ಟುಗಳೂ ಪೆಟ್ಟಿಗೆಗಳೂ ಸಿಗುತ್ತವೆ. ದೇಶದಿಂದ ದೇಶಕ್ಕೆ ಸಾಗುವ ಇಂಥ ಮರದ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಒತ್ತಿರುತ್ತಾರೆ. ಅದರಲ್ಲಿ ಎಚ್‌ಟಿ ಎಂದಿದ್ದರೆ ಮರವನ್ನು ಬಿಸಿ ಮಾಡಿ ಕೀಟಮುಕ್ತಗೊಳಿಸಿದ್ದಾರೆಂದು ಅರ್ಥ, ಅದನ್ನು ಬಳಸಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ. ಅದನ್ನು ಮನೆಯೊಳಕ್ಕೆ ತರಬೇಡಿ. ಮುದ್ರೆಯೇ ಇಲ್ಲದ್ದು, ಎಣ್ಣೆ ಅಥವಾ ರಾಸಾಯನಿಕ ಚೆಲ್ಲಿದ ಕಲೆ ಇರುವುದು ಎರಡೂ ಬೇಡ. ಬಿಚ್ಚುವಾಗ ಹಲಗೆಯನ್ನು ಮೀಟಿ ಎಬ್ಬಿಸಿದರೆ ಸೀಳುತ್ತದೆ. ಸಂದಿನಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಗಳನ್ನೇ ಕತ್ತರಿಸುವುದು ನಿಧಾನವಾದರೂ ಸರಿಯಾದ ದಾರಿ.

ಸ್ವಂತ ತೋಟದಲ್ಲಿ ಗಾಳಿಗೆ ಬಿದ್ದ ಹಲಸೋ ಮಾವೋ ಇರುವವರು ಮಿಲ್ಲಿಗೆ ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಖಾಸಗಿ ಜಮೀನಿನ ಮರ ಕಡಿಯುವುದಕ್ಕೂ ಸಾಮಾನ್ಯವಾಗಿ ಅನುಮತಿ ಬೇಕು, ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ಸಾಗಣೆಗೆ ರಹದಾರಿ ಬೇಕೇ ಎಂಬುದೂ ಜಾತಿಯನ್ನು ಅವಲಂಬಿಸಿರುತ್ತದೆ. ಸಾಗುವಾನಿ, ಬೀಟೆ, ಹೊನ್ನೆಗಳನ್ನು ರಸೀದಿ ಇಲ್ಲದೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು. ಅದು ಕಾಡಿನಿಂದ ಕದ್ದ ಮರವಾಗಿದ್ದರೆ ಅದರಿಂದ ಮಾಡಿದ ವಸ್ತುವಿನಲ್ಲಿ ಯಾವ ಸಂತೋಷವೂ ಉಳಿಯುವುದಿಲ್ಲ.

ಹಲಗೆಯನ್ನು ನೋಡುವ ಬಗೆ

ಹಲಗೆಯ ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನ ಉದ್ದಕ್ಕೂ ನೋಡಿದರೆ ಬಾಗು ಇದ್ದರೆ ಕಾಣುತ್ತದೆ. ತಿರುಚು ಕಾಣಲು, ಸಮನಾದ ಎರಡು ಪಟ್ಟಿಗಳನ್ನು ಹಲಗೆಯ ಎರಡು ತುದಿಗಳಲ್ಲಿ ಅಡ್ಡಲಾಗಿಟ್ಟು, ಒಂದರ ಮೇಲಂಚಿನಿಂದ ಇನ್ನೊಂದರ ಮೇಲಂಚನ್ನು ನೋಡಬೇಕು. ಎರಡೂ ಒಂದೇ ಮಟ್ಟದಲ್ಲಿದ್ದರೆ ಹಲಗೆ ಸರಿಯಾಗಿದೆ. ಬಾಗನ್ನು ಚಿಕ್ಕ ತುಂಡು ಮಾಡಿ ತಗ್ಗಿಸಿಕೊಳ್ಳಬಹುದು, ತಿರುಚನ್ನು ಕೀಸಿ ತೆಗೆಯಲು ಹೋದರೆ ದಪ್ಪವೆಲ್ಲ ಹೋಗುತ್ತದೆ. ಹಲಗೆಯ ತುದಿಯ ಅಡ್ಡಕೊಯ್ತದ ಮುಖದಲ್ಲಿ ದಿಮ್ಮಿಯ ನಡುವಿನ ತಿರುಳು ಕಾಣುತ್ತಿದ್ದರೆ ಆ ಹಲಗೆ ಮುಂದೊಂದು ದಿನ ಅಲ್ಲಿಂದಲೇ ಸೀಳುತ್ತದೆ. ಸೂಜಿಮೊನೆಯಷ್ಟು ತೂತುಗಳೂ ಅವುಗಳಡಿ ಹಿಟ್ಟಿನಂಥ ಪುಡಿಯೂ ಕಂಡರೆ ಕುಟ್ಟೆ ಇನ್ನೂ ಜೀವಂತವಾಗಿದೆ, ಅಂಥ ಮರ ಮನೆಯ ಬೇರೆ ಮರಕ್ಕೂ ಅಪಾಯ. ಕೆಚ್ಚಿನ ಸುತ್ತ ಇರುವ ಬಿಳಿಯ ಭಾಗಕ್ಕೇ ಹುಳು ಮೊದಲು ಬೀಳುವುದರಿಂದ ಬಿಳಿ ಕಡಿಮೆ ಇರುವ ಹಲಗೆಯನ್ನು ಆರಿಸಿ.

ಒಣಗಿದೆಯೇ ಎಂಬುದು ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ. ಒಂದೇ ಅಳತೆಯ ಎರಡು ಹಲಗೆಗಳಲ್ಲಿ ಹಸಿಯದ್ದು ಕೈಗೆ ಭಾರವಾಗಿಯೂ ಕೆನ್ನೆಗೆ ತಾಗಿಸಿದರೆ ತಣ್ಣಗೂ ಇರುತ್ತದೆ. ನಂಬಿಕೆಯ ವಿಧಾನ ಬೇರೆಯೇ ಇದೆ: ಮನೆಗೆ ತಂದ ಮೇಲೆ ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅದರ ಮೇಲೆಯೇ ತೂಕ ಮತ್ತು ತಾರೀಖು ಬರೆದು, ವಾರಕ್ಕೊಮ್ಮೆ ಮತ್ತೆ ತೂಗುತ್ತ ಹೋಗಿ. ತೂಕ ಇಳಿಯುವುದು ನಿಂತಾಗ ಮರ ನಿಮ್ಮ ಮನೆಯ ಹವೆಗೆ ಹೊಂದಿಕೊಂಡಿದೆ. ಹಸಿ ಮರ ಗಾಳಿಯಲ್ಲಿ ಒಣಗಲು 1 ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಹಗುರ ಮರಕ್ಕೆ ಕಡಿಮೆ ಸಾಕು, ಕರಾವಳಿಯ ತೇವದಲ್ಲಿ ಹೆಚ್ಚು ಬೇಕಾಗಬಹುದು. ಒಣಗಿಸುವಾಗ ನೆಲದಿಂದ ಮೇಲೆತ್ತಿ, ಪ್ರತಿ ಸಾಲಿನ ನಡುವೆ ಒಂದೇ ದಪ್ಪದ ರೀಪುಗಳನ್ನು ಒಂದರ ನೇರಕ್ಕೆ ಒಂದು ಬರುವಂತೆ ಇಟ್ಟು ಪೇರಿಸಬೇಕು, ಮೇಲೆ ಭಾರ ಹೇರಬೇಕು, ಬಿಸಿಲು ನೇರವಾಗಿ ಬೀಳಬಾರದು. ತುದಿಗಳಿಂದ ನೀರು ಬೇಗ ಆರಿ ಸೀಳು ಬಿಡುವುದನ್ನು ತಪ್ಪಿಸಲು ಅಲ್ಲಿ ದಪ್ಪವಾಗಿ ಬಣ್ಣವನ್ನೋ ಮೇಣವನ್ನೋ ಬಳಿಯುತ್ತಾರೆ. ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳು ಮರ ಕೊಳ್ಳಲು ಒಳ್ಳೆಯ ಕಾಲ. ಮಳೆಗಾಲದಲ್ಲಿ ಬಯಲಿನಲ್ಲಿ ನೆನೆದ ರಾಶಿಯಿಂದ ಕೊಳ್ಳಬೇಡಿ.

ಉಪಕರಣಗಳ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ಒಂದು ಕೈಗರಗಸ, ಒಂದು ಕೀಸುಳಿ, ಅರ್ಧ ಮತ್ತು ಮುಕ್ಕಾಲು ಇಂಚಿನ ಉಳಿಗಳು, ಕೊಡತಿ, ಲಂಬಕೋನ ನೋಡುವ ಮೂಲೆಮಟ್ಟ, ಅಳತೆಪಟ್ಟಿ, ಒಂದು ಡ್ರಿಲ್, ಉಳಿ ಮಸೆಯುವ ಕಲ್ಲು ಇಷ್ಟಿದ್ದರೆ ಕೆಳಗಿನ ಕೆಲಸಗಳು ಆಗುತ್ತವೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇವೆಲ್ಲ ಒಂದೇ ಕಡೆ ಸಿಗುತ್ತವೆ. ಮೂಲೆಮಟ್ಟ ಕೊಳ್ಳುವಾಗ, ನೇರ ಅಂಚಿನ ಹಲಗೆಗೆ ಇಟ್ಟು ಒಂದು ಗೆರೆ ಎಳೆದು, ಮಟ್ಟವನ್ನು ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆದು ನೋಡಿ. ಎರಡು ಗೆರೆಗಳು ಒಂದಾಗದಿದ್ದರೆ ಆ ಮಟ್ಟ ಬೇಡ. ಗೋಡೆ ಕೊರೆಯಲು ಕಲ್ಲು ಕತ್ತರಿಸಲು ಬಳಸುವ ಆಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ ಕೆಲಸ ಮಾಡುವುದನ್ನು ಹಲವೆಡೆ ಕಾಣುತ್ತೇವೆ. ಅದು ಬೆರಳು, ಮುಖ ಹೋಗುವಷ್ಟು ಅಪಾಯದ ರೂಢಿ. ದಯವಿಟ್ಟು ಅದನ್ನು ಅನುಸರಿಸಬೇಡಿ. ಉಪ್ಪುಕಾಗದ ಉಜ್ಜುವಾಗ ಮಾಸ್ಕ್, ಡ್ರಿಲ್ ಹಿಡಿದಾಗ ಕನ್ನಡಕ ತಪ್ಪಬಾರದು.

ಮೊದಲ ಕೆಲಸ: ಮಣೆ

18 ಇಂಚು ಉದ್ದ, 12 ಇಂಚು ಅಗಲದ ಮಣೆ ನೋಡಲು ಸರಳವಾದರೂ ಮರಗೆಲಸದ ಮುಖ್ಯ ಪಾಠಗಳೆಲ್ಲ ಅದರಲ್ಲಿವೆ. 12 ಇಂಚು ಅಗಲದ ಒಂದೇ ಹಲಗೆ ದುಬಾರಿ, ಅದು ಬಟ್ಟಲಿನಂತೆ ಗುಳಿ ಬೀಳುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ ಆರೂವರೆ ಇಂಚು ಅಗಲ, 19 ಇಂಚು ಉದ್ದದ ಎರಡು ಹಲಗೆಗಳನ್ನು ಜೋಡಿಸುವುದು ಜಾಣತನ. ಮೊದಲು ಎರಡರ ಮುಖಗಳನ್ನೂ ಕೀಸಿ ಸಮ ಮಾಡಿ. ಆಮೇಲೆ ಕೂಡಬೇಕಾದ ಅಂಚುಗಳು ಒಂದೇ ಕಡೆ ಬರುವಂತೆ ಹಲಗೆಗಳನ್ನು ಮುಖಕ್ಕೆ ಮುಖ ಸೇರಿಸಿ ಹಿಡಿದು, ಎರಡೂ ಅಂಚುಗಳನ್ನು ಒಟ್ಟಿಗೆ ಕೀಸಬೇಕು. ಹೀಗೆ ಮಾಡಿದಾಗ ಕೀಸುಳಿ ಸ್ವಲ್ಪ ಓರೆಯಾಗಿದ್ದರೂ ಒಂದರ ಓರೆ ಇನ್ನೊಂದರ ಓರೆಯಿಂದ ತುಂಬಿಕೊಂಡು, ಹಲಗೆಗಳನ್ನು ಬಿಡಿಸಿ ಇಟ್ಟಾಗ ಮೇಲ್ಮೈ ಸಮನಾಗಿ ಬರುತ್ತದೆ. ಅಂಚುಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ, ಸಂದಿನಲ್ಲಿ ಬೆಳಕು ಕಂಡರೆ ಇನ್ನಷ್ಟು ಕೀಸಬೇಕು.

ಅಂಚಿನ ಉದ್ದಕ್ಕೂ ತೆಳುವಾಗಿ ಮರದ ಅಂಟು ಹಚ್ಚಿ ಒತ್ತಿ ಹಿಡಿಯಬೇಕು. ದುಬಾರಿ ಕ್ಲಾಂಪುಗಳಿಲ್ಲದಿದ್ದರೂ ನಡೆಯುತ್ತದೆ: ಹಳೆಯ ಪ್ಲೈವುಡ್ ತುಂಡಿನ ಮೇಲೆ ಎರಡು ರೀಪುಗಳನ್ನು ಹದಿಮೂರೂವರೆ ಇಂಚು ಅಂತರದಲ್ಲಿ ತಿರುಪಿನಿಂದ ಬಿಗಿದು, ನಡುವೆ ಹಲಗೆಗಳನ್ನು ಕೂರಿಸಿ, ಉಳಿದ ಸಂದಿನಲ್ಲಿ ಎದುರುಬದುರಾಗಿ ಜೋಡಿ ಬೆಣೆಗಳನ್ನು ಬಡಿದರೆ ಬೇಕಾದಷ್ಟು ಒತ್ತಡ ಸಿಗುತ್ತದೆ. ಅಂಟು ಪ್ಲೈವುಡ್ಡಿಗೆ ಹಿಡಿಯದಂತೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿರಿ. ಒಂದು ರಾತ್ರಿ ಬಿಟ್ಟು ತೆಗೆದು, ಅಳತೆಗೆ ಕೊಯ್ದು, ಕೂಡಿದ ಜಾಗವನ್ನು ಕೀಸಿ.

ಕೆಳಗಿನ ಎರಡು ಅಡ್ಡಪಟ್ಟಿಗಳ ವಿಷಯದಲ್ಲೇ ಹೆಚ್ಚಿನ ಮಣೆಗಳು ಕೆಡುವುದು. ಮರ ಉದ್ದದ ದಿಕ್ಕಿನಲ್ಲಿ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ; ಅಗಲದಲ್ಲಿ ಮಾತ್ರ, ಮಳೆಗಾಲಕ್ಕೂ ಬೇಸಿಗೆಗೂ ನಡುವೆ, ಒಂದು ಅಡಿಗೆ ಕೆಲವು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಅಡ್ಡಪಟ್ಟಿಯನ್ನು ಅಂಟಿನಿಂದಲೋ ಸಾಲು ಮೊಳೆಗಳಿಂದಲೋ ಬಿಗಿದುಬಿಟ್ಟರೆ ಮೇಲಿನ ಹಲಗೆಗೆ ಕುಗ್ಗಲು ಎಡೆಯಿಲ್ಲದೆ ಸೀಳುತ್ತದೆ. ಹಾಗಾಗಿ 11 ಇಂಚು ಉದ್ದ, 2 ಇಂಚು ಅಗಲ, 1 ಇಂಚು ದಪ್ಪದ ಪಟ್ಟಿಗೆ ಮೂರು ತೂತು ಕೊರೆಯಿರಿ. ನಡುವಿನದು ತಿರುಪಿನ ಅಳತೆಗೆ ಸರಿಯಾಗಿರಲಿ, ತುದಿಗಳ ಎರಡನ್ನು ಪಟ್ಟಿಯ ಉದ್ದದ ದಿಕ್ಕಿನಲ್ಲಿ ಎರಡೆರಡು ಮಿಲಿಮೀಟರ್ ಹಿಗ್ಗಿಸಿ. ಅಂಟು ಬೇಡ. 8ನೇ ನಂಬರಿನ ಒಂದೂವರೆ ಇಂಚಿನ ತಿರುಪನ್ನು ವಾಷರ್ ಹಾಕಿ ಬಿಗಿದರೆ ಅದು ಮುಕ್ಕಾಲು ಇಂಚಿನ ಹಲಗೆಯನ್ನು ದಾಟಿ ಮೇಲೆ ಬರುವುದಿಲ್ಲ. ಮೇಲಿನ ಹಲಗೆಯಲ್ಲಿ ತಿರುಪಿಗೆ ಮೊದಲು 3 ಮಿಲಿಮೀಟರ್ ತೂತು ಕೊರೆಯುವುದನ್ನು ಮರೆಯಬಾರದು. ಈ ಒಂದು ನಿಯಮ ಅರ್ಥವಾದರೆ ಮುಂದೆ ಮೇಜು, ಬಾಗಿಲು, ಪೆಟ್ಟಿಗೆಯ ಮುಚ್ಚಳ ಎಲ್ಲದರಲ್ಲೂ ಅದು ಕೈಹಿಡಿಯುತ್ತದೆ.

ಎರಡನೆಯದು: ಗೋಡೆಯ ಕಪಾಟು

3 ಅಡಿ ಉದ್ದ, 8 ಇಂಚು ಅಗಲದ ಒಂದು ಹಲಗೆ, ಎರಡು ಆಧಾರಗಳು, ಇಷ್ಟೇ. ಪುಸ್ತಕಗಳ ಭಾರಕ್ಕೆ ಹಲಗೆ ನಡುವೆ ಜೋತುಬೀಳದಂತೆ ಆಧಾರಗಳನ್ನು ತುದಿಯಲ್ಲಿ ಕೊಡದೆ, ಎರಡೂ ಕಡೆ ಆರಾರು ಇಂಚು ಒಳಕ್ಕೆ ಕೊಟ್ಟರೆ ನಡುವಿನ ಅಂತರ 2 ಅಡಿಗೆ ಇಳಿಯುತ್ತದೆ. ಹಲಗೆಯ ಬಿಗಿತ ದಪ್ಪದ ಘನದಂತೆ ಏರುವುದರಿಂದ 19 ಮಿಲಿಮೀಟರಿನ ಬದಲು 25 ಮಿಲಿಮೀಟರ್ ಬಳಸಿದರೆ ಬಿಗಿತ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ದಪ್ಪ ಹಲಗೆಗೆ ಹಣ ಹಾಕುವ ಬದಲು ಮುಂದಿನ ಅಂಚಿಗೆ ಒಂದೂವರೆ ಇಂಚಿನ ಪಟ್ಟಿಯನ್ನು ಲಂಬವಾಗಿ ಅಂಟಿಸಿದರೂ ಅದೇ ಲಾಭ; ಇಲ್ಲಿ ಎರಡರ ಎಳೆಯೂ ಒಂದೇ ದಿಕ್ಕಿನಲ್ಲಿ ಇರುವುದರಿಂದ ಅಂಟಿಗೆ ಅಡ್ಡಿಯಿಲ್ಲ. ಇಟ್ಟಿಗೆ, ಕಾಂಕ್ರೀಟ್ ಗೋಡೆಯಲ್ಲಿ ಗಾರೆಯನ್ನು ದಾಟಿ ಒಳಗಿನ ಗಟ್ಟಿ ಭಾಗಕ್ಕೆ ಹೋಗುವಷ್ಟು ಉದ್ದದ ಪ್ಲಗ್ ಮತ್ತು ತಿರುಪು ಬೇಕು. ಮಲೆನಾಡಿನ ಹಳೆಯ ಮಣ್ಣಿನ ಗೋಡೆಗಳಲ್ಲಿ ಪ್ಲಗ್ ಹಿಡಿತ ನಿಲ್ಲುವುದಿಲ್ಲ. ಅಲ್ಲಿ ನೆಲದ ಮೇಲೆ ನಿಲ್ಲುವ ಕಪಾಟನ್ನೇ ಮಾಡಬೇಕು.

ಮೂರನೆಯದಾಗಿ ಸ್ಟೂಲು ಮಾಡುವ ಆಸೆ ಬರುತ್ತದೆ. ಕೂರುವ ವಸ್ತುವಿನ ಕಾಲುಗಳನ್ನು ತಿರುಪಿನಿಂದಷ್ಟೇ ಕೂಡಿಸಿದರೆ ಅವು ಸಡಿಲವಾಗುತ್ತವೆ, ಒಂದರ ತುದಿ ಇನ್ನೊಂದರ ಗುಳಿಯಲ್ಲಿ ಕೂರುವಂತೆ ಕಚ್ಚು ಕೂಡಿಸಲೇಬೇಕು. ವ್ಯರ್ಥ ತುಂಡುಗಳಲ್ಲಿ ಗಟ್ಟಿಯಾಗಿ ಕೂರುವ ಕಚ್ಚು ಬರುವವರೆಗೆ ಅಭ್ಯಾಸ ಮಾಡಿ, ಆಮೇಲೆ ಒಳ್ಳೆಯ ಮರಕ್ಕೆ ಕೈಹಾಕಿ.

ಕೊನೆಯ ಲೇಪ

ಉಪ್ಪುಕಾಗದವನ್ನು ಒರಟಿನಿಂದ ನಯಕ್ಕೆ, 80, 120, 220 ನಂಬರಿನ ಕ್ರಮದಲ್ಲಿ, ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ಲೇಪಕ್ಕೆ ಬಯಲುಸೀಮೆಯ ಒಣ ಹವೆಯಲ್ಲಿ ಅಗಸೆ ಎಣ್ಣೆ ಸುಲಭ: ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಕಾಲು ಗಂಟೆಯ ನಂತರ ಹೆಚ್ಚಾದದ್ದನ್ನು ಒರೆಸಿ, ಪೂರ್ತಿ ಆರಿದ ಮೇಲೆ ಮತ್ತೊಂದು ಕೈ. ಕರಾವಳಿ ಮತ್ತು ಮಲೆನಾಡಿನ ಮಳೆಯಲ್ಲಿ ಎಣ್ಣೆ ಹಚ್ಚಿದ ಮರಕ್ಕೆ ಬೂಷ್ಟು ಬರುವುದರಿಂದ ಅಲ್ಲಿ ಪಾಲಿಯುರಿಥೇನ್ ವಾರ್ನಿಷ್ ಉತ್ತಮ. ಹಾರ್ಡ್‌ವೇರ್ ಅಂಗಡಿಯ ಕಾಯಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಆರಲು ಲೋಹದ ಲವಣಗಳನ್ನು ಬೆರೆಸಿರುತ್ತಾರೆ, ಚಪಾತಿ ಮಣೆಗೆ, ತರಕಾರಿ ಹೆಚ್ಚುವ ಹಲಗೆಗೆ ಅದನ್ನು ಬಳಸಬಾರದು. ಈ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಬಯಲಿನಲ್ಲಿ ಹರವಿ ಒಣಗಿಸಬೇಕು, ಅಥವಾ ನೀರಿನಲ್ಲಿ ಮುಳುಗಿಸಿಡಬೇಕು. ಲೇಪವನ್ನು ಮೇಲ್ಮುಖಕ್ಕೆ ಹಚ್ಚಿದಷ್ಟೇ ಸಾರಿ ಕೆಳಮುಖಕ್ಕೂ ಹಚ್ಚಿ. ಒಂದು ಮುಖ ಮಾತ್ರ ತೇವ ಎಳೆದರೆ ಹಲಗೆ ಬಾಗುತ್ತದೆ. ಮೊದಲ ಮಳೆಗಾಲ ಮತ್ತು ಮೊದಲ ಬೇಸಿಗೆ ಕಳೆದ ಮೇಲೆ ಮಣೆಯನ್ನು ಒಮ್ಮೆ ಮಗುಚಿ, ತುದಿಯ ತಿರುಪುಗಳು ಸಡಿಲವಾಗಿದ್ದರೆ ವಾಷರ್ ಮರಕ್ಕೆ ತಾಗುವಷ್ಟು ಮಾತ್ರ ಬಿಗಿಯಿರಿ.